ಬೈಗುಳದ ಕಂಬ

ನನ್ನ ಕೆಲಸ ಬೈಯುವುದು. ತಿಂಗಳ ಸಂಬಳ ತೆಗೆದುಕೊಂಡು, ಕಾರ್ಖಾನೆಯ ಗೇಟಿನಲ್ಲಿ ಸ್ಟೂಲು ಹಾಕಿಕೊಂಡು ಕೂತು, ಬಂದವರನ್ನೆಲ್ಲ ಒಬ್ಬೊಬ್ಬರಾಗಿ ಬೈಯುತ್ತೇನೆ. ಹೆಸರು ಮುದ್ದಮ್ಮ. ನಗಬೇಡಿ. ಹೆಸರಿಟ್ಟವಳು ನಮ್ಮಜ್ಜಿ, ನಾನು ಬೆಳೆದು ಏನಾಗುತ್ತೇನೆಂದು ಅವಳಿಗೇನು ಕನಸು ಬಿದ್ದಿತ್ತೇ?

ನಮ್ಮ ಊರಿನಲ್ಲಿ ಸಿಟ್ಟು ಬಂದರೆ ಬೆರಳ ತುದಿಯಿಂದ ಕಿಡಿ ಹಾರುತ್ತದೆ. ಎಲ್ಲರಿಗೂ ಹಾಗೆಯೇ. ಅದಕ್ಕೇ ನಮ್ಮಲ್ಲಿ ಅಣ್ಣತಮ್ಮಂದಿರು ಒಟ್ಟಿಗೆ ನಿಂತು ಹುಲ್ಲಿನ ಬಣವೆ ಹಾಕುವುದಿಲ್ಲ. ಮದುವೆ ಚಪ್ಪರದ ಗರಿಯನ್ನು ನೆನೆಸಿಯೇ ಹೊದಿಸುತ್ತಾರೆ, ಬೀಗರ ಭರವಸೆ ಯಾರಿಗಿದೆ? ಗಂಡ ಹೆಂಡತಿಗೆ ಮಾತಿಗೆ ಮಾತು ಬೆಳೆದರೆ ಮೊದಲು ಹಾಸಿಗೆ ಬಿಟ್ಟೆದ್ದು ಹಿತ್ತಲಿಗೆ ಹೋಗುತ್ತಾರೆ, ಉಳಿದದ್ದು ಆಮೇಲೆ. ಇಂಥ ಊರಿನಲ್ಲಿ ಥಿನ್ನರ್ ಕಾರ್ಖಾನೆ ಯಾಕೆ ಕಟ್ಟಿದರೆಂದು ಕಟ್ಟಿದವರನ್ನೇ ಕೇಳಿ. ಕಟ್ಟಿದರು, ನಮಗೆಲ್ಲ ಕೆಲಸ ಸಿಕ್ಕಿತು, ಅಷ್ಟೆ.

ಥಿನ್ನರ್ ಅಂದರೆ ಪೇಂಟು ತೆಳುಮಾಡಲು ಬೆರೆಸುತ್ತಾರಲ್ಲ, ಅದು. ನೋಡಲು ನೀರು, ಗುಣ ಪೆಟ್ರೋಲಿನದು. ಅದರ ಆವಿ ಕಣ್ಣಿಗೆ ಕಾಣುವುದಿಲ್ಲ, ಮೇಲಕ್ಕೂ ಹೋಗುವುದಿಲ್ಲ, ನೆಲ ಹಿಡಿದು ಹರಿಯುತ್ತದೆ. ಇಲ್ಲಿ ಚೆಲ್ಲಿದರೆ ಅಲ್ಲಿ ಎಲ್ಲೋ ಇರುವ ಕಿಡಿಯನ್ನು ಹುಡುಕಿಕೊಂಡು ಹೋಗಿ ಹತ್ತಿಕೊಂಡು ಬರುತ್ತದೆ. ಅದಕ್ಕೆ ಒಳಗೆ ಹೋಗುವವರು ಹತ್ತಿ ಬಟ್ಟೆಯನ್ನೇ ಉಡಬೇಕು. ಸ್ಪ್ಯಾನರು ಹಿತ್ತಾಳೆಯದೇ ಆಗಬೇಕು. ಬೆಂಕಿಪೊಟ್ಟಣ, ಫೋನು ಗೇಟಿನಲ್ಲೇ ಬಿಡಬೇಕು. ಡ್ರಮ್ಮು ತುಂಬಿಸುವಾಗ ಪೈಪಿನಿಂದ ಡ್ರಮ್ಮಿಗೆ, ಡ್ರಮ್ಮಿನಿಂದ ಭೂಮಿಗೆ ತಾಮ್ರದ ತಂತಿ ಕಚ್ಚಿಸಬೇಕು, ಹರಿಯುವಾಗ ಹುಟ್ಟುವ ಕರೆಂಟು ಕಿಡಿಯಾಗದೆ ನೆಲಕ್ಕೆ ಇಳಿಯಲೆಂದು. ಇಂಜಿನಿಯರುಗಳ ಪ್ರಕಾರ ಇಷ್ಟು ಸಾಕು. ಆದರೆ ಮನುಷ್ಯರ ಬೆರಳಿಗೆ ಯಾವ ತಂತಿ ಕಟ್ಟುತ್ತೀರಿ?

ಅದಕ್ಕೇ ಗೇಟಿನಲ್ಲಿ ಕಂಬ ಇರುವುದು. ಕಬ್ಬಿಣದ್ದು, ಭೂಮಿಯೊಳಗೆ ಆಳಕ್ಕೆ ಇಳಿದಿದೆ. ಕೆಲಸಕ್ಕೆ ಬಂದವರು ಎರಡೂ ಕೈಯಲ್ಲಿ ಅದನ್ನು ಹಿಡಿದು ನಿಲ್ಲಬೇಕು, ನಾನು ಬೈಯಬೇಕು, ಅವರು ತಿರುಗಿ ಬೈಯಬೇಕು. ಸುಮ್ಮನೆ ಹಿಡಿದರೆ ಏನೂ ಆಗುವುದಿಲ್ಲ, ಬಾಯಿಬಿಟ್ಟರೆ ಮಾತ್ರ ಸಿಟ್ಟು ಭೂಮಿಗೆ ಇಳಿಯುತ್ತದೆ. ಆಮೇಲೆ ನಾನು ಅವರ ಅಂಗೈ ಮುಟ್ಟಿ ನೋಡಿ, ತಣ್ಣಗಿದ್ದರೆ ಒಳಗೆ ಬಿಡುತ್ತೇನೆ. ಯಾರ ಗಾಯ ಎಲ್ಲಿದೆ ಎಂದು ನನಗೆ ಗೊತ್ತು. ಪಂಪು ನೋಡಿಕೊಳ್ಳುವ ಮರಿಸ್ವಾಮಿಗೆ ಅವನ ಭಾವಮೈದ.

"ಏನ್ಲಾ ಮರಿಸ್ವಾಮಿ, ನಿನ್ ಭಾವಮೈದ ಒಳಗೆ ಮಂಚದ ಮೇಲೆ ಮಲಗ್ತಾನಂತೆ, ನೀನು ಜಗಲಿ ಮೇಲೆ ನಾಯಿ ಪಕ್ಕ ಮುದುರ್ಕತೀಯಂತೆ?" ಎನ್ನುತ್ತೇನೆ.

"ನಿನ್ ನಾಲ್ಗೆ ಬಿದ್ದೋಗಾ! ನಿನ್ ಮನೆ ಕಾಯೋಗಾ! ಅವನ್ನ ನಾನೇನು ಕರ್ಕಂಡ್ ಬಂದ್ನಾ?" ಎಂದು ಅವನು ಶುರುಮಾಡುತ್ತಾನೆ. ಕಂಬ ಚಟಚಟ ಅನ್ನುತ್ತದೆ. ಮುಗಿದ ಮೇಲೆ ಹಗುರಾಗಿ ನಗುತ್ತ, "ಬರ್ತೀನಿ ಮುದ್ದಕ್ಕ" ಅಂದು ಒಳಗೆ ಹೋಗುತ್ತಾನೆ. ನನ್ನ ಹಾಗೆ ದಿನಾ ಶಾಪ ಹಾಕಿಸಿಕೊಂಡೂ ಕಲ್ಲುಗುಂಡಿನ ಹಾಗಿರುವವರು ಈ ಊರಲ್ಲಿ ಇನ್ನೊಬ್ಬರಿಲ್ಲ.

ನನ್ನ ಸೊಸೆ ವನಜಾಕ್ಷಿಯೊಬ್ಬಳನ್ನು ಮಾತ್ರ ನಾನು ಕಂಬದ ಹತ್ತಿರ ನಿಲ್ಲಿಸುತ್ತಿರಲಿಲ್ಲ. ಮಗ ಲಾರಿ ಓಡಿಸಿಕೊಂಡು ಊರೂರು ತಿರುಗುತ್ತಾನೆ, ಮನೆಯಲ್ಲಿರುವುದು ನಾವಿಬ್ಬರೇ. ಅತ್ತೆ ಸೊಸೆ ಕಂಬದ ಮುಂದೆ ಬೈದಾಡಿದರೆ ನೋಡಿದವರು ಏನಂದಾರು? ನಾನು ಬೈದರೆ ಅವಳು ತಿರುಗಿ ಬೈಯಬೇಕು, ಪದ್ಧತಿ ಅದು. ನಾಲ್ಕು ಜನರ ಎದುರಿಗೆ ಸೊಸೆಯ ಕೈಲಿ ಬೈಸಿಕೊಳ್ಳಲು ನನಗೇನು ಬಂದಿದೆ ಗ್ರಹಚಾರ? ಅಲ್ಲದೆ ಅವಳಿಗೆ ಸಿಟ್ಟೇ ಬರುತ್ತಿರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಅವಳ ಬೆರಳಲ್ಲಿ ಒಂದು ಕಿಡಿ ಕಂಡವಳಲ್ಲ ನಾನು. ಸಾರಿಗೆ ಉಪ್ಪು ಹೆಚ್ಚಾಯಿತೆಂದು ತಟ್ಟೆ ತಳ್ಳಿದರೂ "ಆಯ್ತು ಅತ್ತೆ" ಅಂದು ಎತ್ತಿಕೊಂಡು ಹೋಗುತ್ತಿದ್ದಳು. ಹಾಗಾಗಿ ಗೇಟಿಗೆ ಬಂದರೆ "ಹೋಗು ಹೋಗು" ಎಂದು ಕೈಬೀಸಿ ಕಳಿಸುತ್ತಿದ್ದೆ. ಮನೆಯವಳ ಕೈಯನ್ನು ಏನು ಮುಟ್ಟಿ ನೋಡುವುದು!

"ನಮ್ಮ ಸೊಸೆ ಕೈ ಮಂಜುಗಡ್ಡೆ ಕಣ್ರಪ್ಪಾ" ಎಂದು ಊರೆಲ್ಲ ಹೇಳಿಕೊಂಡು ಬಂದೆ. ಮ್ಯಾನೇಜರ್ ಫಣಿರಾಜ ಸಾಹೇಬರ ಕಿವಿಗೂ ಬಿತ್ತು. ಅವಳನ್ನು ತುಂಬಿಸುವ ಕೋಣೆಗೆ, ಡ್ರಮ್ಮಿನ ಬಾಯಿಗೆ ಪೈಪು ಹಿಡಿಯುವ ಕೆಲಸಕ್ಕೆ ಹಾಕಿದರು. ಆವಿ ಅತಿ ಹೆಚ್ಚಿರುವ ಜಾಗ ಅದು. ಕಾರ್ಖಾನೆಯಲ್ಲಿ ಅದಕ್ಕಿಂತ ಮರ್ಯಾದೆಯ ಕೆಲಸ ಇಲ್ಲ. ನಾನು ಸ್ಟೂಲಿನ ಮೇಲೆ ಇನ್ನಷ್ಟು ನೆಟ್ಟಗೆ ಕೂರತೊಡಗಿದೆ.

ಆವತ್ತು ಬೆಳಿಗ್ಗೆ ಸಾಹೇಬರೇ ಗೇಟಿಗೆ ಬಂದರು. ಟ್ಯಾಂಕರಿನಲ್ಲಿ ಹೊಸ ಸರಕು ಬಂದಿತ್ತು.

"ಮುದ್ದಮ್ಮ, ಇದು ಬಹಳ ಚುರುಕಂತೆ. ಹಳೇದು ಹತ್ತೋಕೆ ದೊಡ್ಡ ಕಿಡಿಯೇ ಬೇಕಿತ್ತು, ಇದಕ್ಕೆ ಒಂದು ಚೂರು ಸಾಕಂತೆ. ಇವತ್ತು ಎರಡು ಶಿಫ್ಟೂ ಓಡಿಸಿ ಖಾಲಿ ಮಾಡ್ಬೇಕು. ಪೈಪು ಹಿಡಿಯೋಕೆ ಯಾರನ್ನ ಹಾಕೋದು ಅಂತ ಯೋಚನೆ" ಎಂದರು.

"ಅದಕ್ಕೇನು ಯೋಚನೆ ಸ್ವಾಮಿ, ನಮ್ಮ ವನಜ ಇಲ್ವಾ? ಎರಡು ಶಿಫ್ಟೂ ಅವಳೇ ಹಿಡೀತಾಳೆ" ಎಂದೆ. ಸಾಲಿನಲ್ಲಿ ನಿಂತವರೆಲ್ಲ ಕೇಳಿಸಿಕೊಳ್ಳಲಿ ಎಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ.

ಅವಳು ಬುತ್ತಿಯ ಚೀಲ ಹಿಡಿದು ಹಿಂದೆಯೇ ನಿಂತಿದ್ದಳು. "ಅತ್ತೆ, ಇವತ್ತು ಬ್ಯಾಡ" ಎಂದಳು ಮೆಲ್ಲಗೆ. "ನನ್ ಕೈ..."

"ಕೈಗೇನಾಗೈತೆ? ಹೋಗು ಹೋಗು" ಎಂದೆ.

ಅವಳು ನನ್ನ ಮುಖವನ್ನೊಮ್ಮೆ ನೋಡಿ ಒಳಗೆ ಹೋದಳು. ನಾನು ಸಾಲಿನಲ್ಲಿದ್ದ ಮುಂದಿನವನನ್ನು ಬೈಯಲು ಶುರುಮಾಡಿದೆ.

ಬಿಸಿಲು ಏರುವ ಹೊತ್ತಿಗೆ ಸೈರನ್ ಕೂಗಿತು. ಜನ ಒಳಗಿನಿಂದ ಓಡಿಬಂದು ನೀರಿನ ಟ್ಯಾಂಕಿರುವ ಏರಿನ ಕಡೆ ಹೋಗುತ್ತಿದ್ದರು. ಅಪಾಯವಾದರೆ ಅಲ್ಲಿಗೆ ಹೋಗಬೇಕೆಂದು ನಮಗೆಲ್ಲ ಕಲಿಸಿದ್ದರು, ಆವಿ ಏರು ಹತ್ತುವುದಿಲ್ಲವಲ್ಲ. ಡ್ರಮ್ಮಿಗೆ ಮುಚ್ಚಳ ಹಾಕುವ ಷಮೀಮು ಏದುಸಿರು ಬಿಡುತ್ತ ನನ್ನ ಕಡೆಗೇ ಬಂದಳು.

"ಮುದ್ದಕ್ಕ, ಪೈಪು ಕಿತ್ಕಂಬಿಡ್ತು! ನೆಲದ ತುಂಬಾ ಸುರಿದೈತೆ! ವನಜ ಒಳಗೇ ಅವ್ಳೆ, ಕರೆದ್ರೆ ಬರಾಕಿಲ್ಲ ಅಂತಾಳೆ!"

"ಬರಾಕಿಲ್ಲ ಅಂದ್ರೆ?"

"ಬಕೆಟ್ನಾಗೆ ಕೈ ಇಟ್ಕಂಡು ಕೂತವ್ಳೆ ಅಕ್ಕ. ನೀರೊಳಗೆ..." ಷಮೀಮು ನನ್ನ ರಟ್ಟೆ ಹಿಡಿದಳು. "ನೀರೊಳಗೆ ಕಿಡಿ ಕಾಣ್ತೈತೆ."

ಸುಳ್ಳು ಹೇಳಬೇಡ ಎಂದು ಅವಳನ್ನು ಗದರಿಸಲು ಹೋದೆ, ಅವಳ ಮುಖ ನೋಡಿ ಬಾಯಿ ಮುಚ್ಚಿಕೊಂಡೆ. ಸಾಹೇಬರು ಹೊರಗಿನ ಮೇನ್ ಸ್ವಿಚ್ ಆರಿಸಿ ಪಂಪು ನಿಲ್ಲಿಸಿದ್ದರು. ಅಗ್ನಿಶಾಮಕದವರು ಪಕ್ಕದೂರಿನಿಂದ ಬರಬೇಕು. ನಾನು ಸೆರಗನ್ನು ನೀರಿನಲ್ಲಿ ಅದ್ದಿ ಮೂಗಿಗೆ ಕಟ್ಟಿಕೊಂಡೆ.

"ಎಲ್ಲಿಗೆ ಹೊರಟ್ರಿ? ನಿಮ್ಮ ಕೈ ತೋರಿಸಿ ಮೊದಲು" ಎಂದು ಸಾಹೇಬರು ಅಡ್ಡ ಬಂದರು. ಮುಟ್ಟಿ ನೋಡಿದರು. ತಣ್ಣಗಿತ್ತು. ಬೆಳಗಿನಿಂದ ಅಷ್ಟು ಜನರನ್ನು ಬೈದವಳಲ್ಲಿ ಏನು ಉಳಿದಿರುತ್ತದೆ? ಅವರು ದಾರಿ ಬಿಟ್ಟರು.

ಕೋಣೆಯೊಳಗೆ ಕಾಲಿಟ್ಟರೆ ಆ ಘಾಟಿಗೆ ಕಣ್ಣು ಉರಿದು ನೀರು ಬಂತು. ನೆಲವೆಲ್ಲ ಹೊಳೆಯುತ್ತಿತ್ತು. ಆ ಮೂಲೆಯಲ್ಲಿ, ಕೈತೊಳೆಯುವ ಪ್ಲಾಸ್ಟಿಕ್ ಬಕೆಟ್ಟಿನ ಮುಂದೆ ವನಜ ಕುಕ್ಕರಗಾಲಿನಲ್ಲಿ ಕೂತಿದ್ದಳು. ಎರಡೂ ಕೈ ಮುಂಗೈವರೆಗೆ ನೀರಿನೊಳಗಿತ್ತು. ಬೆರಳುಗಳ ಸುತ್ತ ನೀಲಿ ಕಿಡಿಗಳು ಹುಟ್ಟಿ ಹುಟ್ಟಿ ಸಾಯುತ್ತಿದ್ದವು. ನೀರಿನಿಂದ ಹಬೆ ಏಳುತ್ತಿತ್ತು.

"ಬರಬ್ಯಾಡಿ ಅತ್ತೆ. ಕೈ ಆಚೆ ತೆಗೆದ್ರೆ ಹತ್ಕತದೆ. ನೀವು ಹೋಗಿ" ಎಂದಳು.

'ಏನೇ ನಿನ್ನ ಕರ್ಮ, ಮನೆ ಹಾಳಿ' ಎಂಬುದು ನನ್ನ ತುಟಿಯವರೆಗೆ ಬಂದುಬಿಟ್ಟಿತ್ತು. ಗಟ್ಟಿಯಾಗಿ ನಾಲಿಗೆ ಕಚ್ಚಿಕೊಂಡೆ. ಜನರ ಸಿಟ್ಟು ಕೆರಳಿಸುವುದು ನನಗೆ ನೀರು ಕುಡಿದಷ್ಟು ಸುಲಭ. ತಣಿಸುವುದು ಹೇಗೆ? ಯಾರೂ ಕಲಿಸಿರಲಿಲ್ಲ, ನಾನೂ ಕಲಿತಿರಲಿಲ್ಲ.

"ಮಗಾ..." ಎಂದೆ. ಆ ಮಾತು ನನ್ನ ಬಾಯಿಗೆ ಹೊಸದು. ಅವಳು ಬೆಚ್ಚಿಬಿದ್ದು ನನ್ನನ್ನು ನೋಡಿದಳು. ಮರುಗಳಿಗೆ ನೀರೊಳಗೆ ಇಷ್ಟುದ್ದದ ಕಿಡಿ ಹರಿದು ಬಕೆಟ್ಟಿನ ಅಂಚಿನವರೆಗೆ ಬಂತು. ಅಯ್ಯೋ ದೇವರೇ, ನಾಟಕದ ಪ್ರೀತಿ ಬೈಗುಳಕ್ಕಿಂತ ಹೆಚ್ಚು ಮೈ ಉರಿಸುತ್ತದೆ, ಇಷ್ಟು ವರ್ಷ ಗೇಟಿನಲ್ಲಿ ಕೂತ ನನಗೆ ಅದು ಗೊತ್ತಾಗಬೇಕಿತ್ತು.

ಆಮೇಲೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. "ಬಕೆಟ್ಟು ನಾನು ಹಿಡ್ಕತೀನಿ. ನಿನ್ ಕೈ ನೀರೊಳಗೇ ಇರ್ಲಿ. ನಿಧಾನಕ್ಕೆ ಏಳು."

ಬಕೆಟ್ಟನ್ನು ಹೊಟ್ಟೆಗೆ ಒತ್ತಿ ತಬ್ಬಿಕೊಂಡೆ. ಅವಳು ಬಗ್ಗಿಕೊಂಡೇ ಎದ್ದಳು. ನಾನು ಹಿಂದೆ ಹಿಂದೆ ಹೆಜ್ಜೆ ಇಡಬೇಕು, ಅವಳು ನನ್ನ ಮುಂದೆ ಮುಂದೆ ಬರಬೇಕು. ಇಬ್ಬರ ಹಣೆ ಹೆಚ್ಚು ಕಡಿಮೆ ತಾಗುತ್ತಿತ್ತು. ಇಷ್ಟು ಹತ್ತಿರದಿಂದ ಅವಳ ಮುಖವನ್ನು ನಾನು ನೋಡಿಯೇ ಇರಲಿಲ್ಲ. ನೆಲ ಜಾರುತ್ತಿತ್ತು. ನಾನು ಬಿದ್ದರೆ ನೀರು ಚೆಲ್ಲುತ್ತದೆ, ನೀರು ಚೆಲ್ಲಿದರೆ ಅವಳ ಬೆರಳು ಆವಿಗೆ ಸಿಗುತ್ತದೆ. ಆಮೇಲೆ ನಾವಿಬ್ಬರೂ ಇಲ್ಲ, ಕಾರ್ಖಾನೆಯೂ ಇಲ್ಲ. ಕಾಲಿನ ಹೆಬ್ಬೆರಳನ್ನು ನೆಲಕ್ಕೆ ಊರಿ ಊರಿ ನಡೆದೆ.

"ನೀರು ಸುಡ್ತೈತೆ ಅತ್ತೆ" ಎಂದಳು.

"ತಡ್ಕೊ."

"ತಡ್ಕಂಡೇ ಇವ್ನಿ" ಎಂದಳು. ಅಂಥ ದನಿಯನ್ನು ಅವಳ ಬಾಯಿಂದ ನಾನು ಕೇಳಿರಲಿಲ್ಲ. ಹೊಸ್ತಿಲ ಕಡೆ ಇನ್ನೊಂದು ಹೆಜ್ಜೆ ಹಿಂದಿಟ್ಟೆ.

ಹೊಸ್ತಿಲು ದಾಟುವಾಗ ಬಕೆಟ್ಟು ಓಲಾಡಿ ಅರ್ಧ ನೀರು ನನ್ನ ಸೀರೆಯ ಮೇಲೆ ಸುರಿಯಿತು. ತೊಡೆ ಸುಟ್ಟುಹೋಯಿತು, ಬಕೆಟ್ಟು ಬಿಡಲಿಲ್ಲ. ಉಳಿದ ನೀರಿನಲ್ಲಿ ಅವಳು ಮುಷ್ಟಿ ಅಮುಕಿ ಹಿಡಿದಳು. ಅಭ್ಯಾಸಬಲ, ನಾನು ಗೇಟಿನ ಕಂಬದ ಕಡೆಗೆ ತಿರುಗಿದೆ. ಏರಿನ ಮೇಲಿನಿಂದ ಮರಿಸ್ವಾಮಿ ಕಿರುಚಿದ.

"ಕಂಬದ ಕಡೆ ಹೋಗಬ್ಯಾಡ ಮುದ್ದಕ್ಕ! ಗೇಟು ತಗ್ಗಿನಾಗೈತೆ, ಆವಿ ಎಲ್ಲಾ ಅಲ್ಲಿಗೇ ಹರೀತೈತೆ! ಮೇಲಕ್ಕೆ ಬಾ, ಮೇಲಕ್ಕೆ!"

ಮೇಲಕ್ಕೆ ಬಾ ಅಂದರೆ ಆಯಿತೇ? ಮೇಲೆ ಕಂಬವಿಲ್ಲ. ಆದರೂ ಹತ್ತಿದೆವು, ಬೇರೆ ದಾರಿ ಎಲ್ಲಿತ್ತು? ಬಕೆಟ್ಟಿನ ಪ್ಲಾಸ್ಟಿಕ್ಕು ಬಿಸಿಗೆ ಮೆತ್ತಗಾಗಿ ನನ್ನ ಹೊಟ್ಟೆಗೆ ಅಂಟುತ್ತಿತ್ತು. ಹಬೆಗೆ ಅವಳ ಮುಖ ಕಾಣುತ್ತಿರಲಿಲ್ಲ. ಟ್ಯಾಂಕಿನ ಬುಡ ತಲುಪುವಷ್ಟರಲ್ಲಿ ಬಕೆಟ್ಟಿನ ತಳ ಬಾಯಿಬಿಟ್ಟಿತು. ಇದ್ದಷ್ಟು ನೀರೂ ಹೋಯಿತು.

ಅವಳ ಹತ್ತೂ ಬೆರಳುಗಳಿಂದ ಕಿಡಿ ಸುರಿಯತೊಡಗಿತು. ಒಂದು ಒಣಹುಲ್ಲಿಗೆ ಬಿದ್ದು ಹತ್ತಿಕೊಂಡಿತು. ತುಳಿದು ಆರಿಸಿದೆ. ಇನ್ನೊಂದು ಬಿತ್ತು, ಮರಿಸ್ವಾಮಿ ಓಡಿಬಂದು ಆರಿಸಿದ. ಹುಲ್ಲು ಹತ್ತಿದರೆ ಬೆಂಕಿ ಇಳಿಜಾರಿನಲ್ಲಿ ಓಡಿಹೋಗಿ ಕೆಳಗಿನ ಆವಿಗೆ ಮುಟ್ಟುತ್ತದೆ. ಅದು ತಿಳಿದೇ ವನಜ ಎರಡೂ ಮುಷ್ಟಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಮುದುರಿ ಕೂತಳು. ರವಿಕೆಯಿಂದ ಸುಟ್ಟ ವಾಸನೆ ಬಂತು. ಅವಳು ತನ್ನನ್ನೇ ಸುಟ್ಟುಕೊಳ್ಳಲು ಹೊರಟಿದ್ದಳು.

ಟ್ಯಾಂಕಿನ ನಲ್ಲಿ ಜಾಮಾಗಿ ಹನಿಹನಿ ಸೋರುತ್ತಿತ್ತಷ್ಟೆ, ಅದರ ಕೆಳಗೆ ಒಂದಿಷ್ಟು ಕೆಸರಾಗಿತ್ತು. ನಾನು ಚಪ್ಪಲಿ ಕಳಚಿ ಎಸೆದು ಕೆಸರಿನಲ್ಲಿ ನಿಂತೆ. ಅವಳ ರಟ್ಟೆ ಹಿಡಿದೆಳೆದು, ಎರಡೂ ಅಂಗೈಯನ್ನು ನನ್ನ ಅಂಗೈಗೆ ಒತ್ತಿಕೊಂಡೆ. ಕೆಂಡ ಹಿಡಿದ ಹಾಗಾಯಿತು.

"ಬೈಯಿ" ಎಂದೆ.

"ಯಾರನ್ನ?"

"ನನ್ನ ಕಣೇ. ಕಂಬ ಇಲ್ಲ, ನಾನೇ ಕಂಬ ಅಂದ್ಕೊ. ಬೈಯಿ."

ಅವಳು ತಲೆಯಾಡಿಸಿದಳು. ಅತ್ತೆಯ ಎದುರು ಬಾಯಿ ಬಿಡದೆ ಇದ್ದು ಇದ್ದು ಅವಳಿಗೆ ಬೈಯುವುದೇ ಬಾರದಾಗಿತ್ತು. ನಾನು ನನ್ನ ವಿದ್ಯೆಯನ್ನೆಲ್ಲ ತೆಗೆದೆ. ಅವಳ ಅಡುಗೆಯನ್ನು ಹಳಿದೆ, ತವರಿನವರನ್ನು ಜರಿದೆ, ನಡೆಯುವ ರೀತಿಯನ್ನು ಆಡಿಕೊಂಡೆ. ಯಾವುದೂ ತಾಗಲಿಲ್ಲ. ಅವೆಲ್ಲ ಅವಳಿಗೆ ಮನೆಯಲ್ಲಿ ದಿನಾ ಬಡಿಸಿದ್ದೇ. ಊರಿನವರ ಗಾಯವೆಲ್ಲ ಗೊತ್ತಿದ್ದ ನನಗೆ ನನ್ನ ಸೊಸೆಗೆ ಎಲ್ಲಿ ನೋಯುತ್ತದೆಂದು ಗೊತ್ತಿರಲಿಲ್ಲ. ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಭಯವಾಯಿತು, ಈ ಹುಡುಗಿ ನನ್ನ ಕೈಯಲ್ಲೇ ಉರಿದುಹೋಗುತ್ತಾಳಲ್ಲ ಎಂದು.

"ವನಜಾ, ನನ್ ಮೇಲೆ ನಿಂಗೇನೇ ಸಿಟ್ಟು? ನಂಗೆ ಗೊತ್ತಿಲ್ಲ ಕಣೇ. ನಿನ್ನಾಣೆ ಗೊತ್ತಿಲ್ಲ" ಎಂದೆ.

ಅವಳು ತಲೆಯೆತ್ತಿದಳು.

"ಗೊತ್ತಿಲ್ವಾ?" ಎಂದಳು. "ಎಲ್ಲರ ಕೈನೂ ಮುಟ್ಟಿ ನೋಡ್ತಿದ್ರಲ್ಲ ಅತ್ತೆ, ನನ್ ಕೈ ಒಂದು ದಿನ ಮುಟ್ಟಿದ್ರಾ? ಒಂದೇ ಒಂದು ದಿನ?"

ಅಂಗೈಯಿಂದ ಭುಜಕ್ಕೆ, ಭುಜದಿಂದ ಬೆನ್ನಿಗೆ, ಬೆನ್ನಿನಿಂದ ಹಿಮ್ಮಡಿಗೆ ಏನೋ ಸೀಳಿಕೊಂಡು ಹೋಯಿತು. ಕಾಲ ಕೆಳಗಿನ ಕೆಸರು ಚುಂಯ್ ಎಂದಿತು. ನಾನು ಕಿರುಚಿದೆ. ಅವಳು ಹೆದರಿ ಕೈ ಎಳೆದುಕೊಳ್ಳಲು ನೋಡಿದಳು.

"ಬಿಡಬ್ಯಾಡ! ಹೇಳು!"

"ದಿನಾ ಬೆಂಕಿ ಇಟ್ಕಂಡೇ ಒಳಕ್ಕೆ ಹೋಗ್ತಿದ್ದೆ ನಾನು! ನೀವು ತಟ್ಟೆ ತಳ್ಳಿದ್ದು, ನಮ್ಮವ್ವ ಬಂದ್ರೆ ಕೂತ್ಕೊ ಅನ್ನದೆ ಇದ್ದಿದ್ದು, ಎಲ್ಲಾ ಇಲ್ಲೇ ಇರ್ತಿತ್ತು, ಈ ಬೆರಳಾಗೆ! ಒಳಗೆ ಹೋದೇಟ್ಗೆ ಬಕೆಟ್ನಾಗೆ ಕೈ ಅದ್ದಿ ಕೂರೋದು, ಆರಿದ ಮೇಲೆ ಪೈಪು ಹಿಡಿಯೋದು. ಎಷ್ಟು ಆರಿತೋ ಎಷ್ಟು ಉಳೀತೋ ಯಾರಿಗ್ ಗೊತ್ತು? ಷಮೀಮು ಬಸುರಿ ಇದ್ದಾಗ ನನ್ ಪಕ್ಕದಾಗೇ ನಿಂತಿರೋಳು. ಇವತ್ತು ಇವಳನ್ನ ಹೊಟ್ಟೆ ಸಮೇತ ಸುಟ್ಟಾಕ್ಬಿಡ್ತೀನಾ ಅಂತ ನಡುಗ್ತಿದ್ದೆ. ಯಾರಿಗ್ ಹೇಳ್ಳಿ? ಮುದ್ದಮ್ಮನ ಸೊಸೆ ಕೈ ಮಂಜುಗಡ್ಡೆ! ನಿಮ್ಮ ಮರ್ಯಾದೆ ಉಳಿಸೋಕೆ ಇಷ್ಟು ಜನದ ಜೀವ ಒತ್ತೆ ಇಟ್ಟೆನಲ್ಲ ಅತ್ತೆ! ಬೆಳಿಗ್ಗೆ ಬಾಯಿಬಿಟ್ಟು ಕೈ ಅಂದೆ. ಹೋಗು ಹೋಗು ಅಂದ್ರಿ. ದನ ಅಟ್ಟಿದಂಗೆ ಅಟ್ಟಿದ್ರಿ!"

ಒಂದೊಂದು ಮಾತೂ ನನ್ನ ಮೈಯೊಳಗೆ ಹಾಯ್ದು ನೆಲಕ್ಕೆ ಇಳಿಯಿತು. ಹಲ್ಲು ಕಟಕಟ ಅನ್ನುತ್ತಿತ್ತು. ಗೇಟಿನಲ್ಲಿ ಬೈಸಿಕೊಂಡಾಗಲೆಲ್ಲ ನಾನು ಒಳಗೊಳಗೇ ನಗುತ್ತಿದ್ದೆ, ಅವು ನನಗಲ್ಲ ಎಂದು ಗೊತ್ತಿತ್ತು. ಇವು ನನಗೇ ಆಗಿದ್ದವು. ನಾನು ಅತ್ತುಬಿಟ್ಟೆ. ಅಳುತ್ತಲೇ ಅವಳ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡೆ.

ಇಡೀ ಶಿಫ್ಟು ಸುತ್ತ ನಿಂತಿತ್ತು. ಸಾಹೇಬರು, ಮರಿಸ್ವಾಮಿ, ಷಮೀಮು, ಎಲ್ಲರೂ ಕೇಳಿಸಿಕೊಂಡರು. ಯಾರೂ ನಗಲಿಲ್ಲ. ಷಮೀಮು ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು ನೆಲ ನೋಡುತ್ತಿದ್ದಳು. ಅಗ್ನಿಶಾಮಕದವರ ಗಂಟೆ ದೂರದಲ್ಲಿ ಕೇಳಿಸತೊಡಗಿತ್ತು. ಕೆಳಗೆ ಆವಿ ಇನ್ನೂ ಕರಗಿರಲಿಲ್ಲ, ಗಾಳಿ ಬೀಸಿದಾಗ ಅದರ ಘಾಟು ಇಲ್ಲಿಗೂ ಬರುತ್ತಿತ್ತು.

ವನಜ ಮಾತು ನಿಲ್ಲಿಸಿದಳು. ಮರಿಸ್ವಾಮಿ ಹತ್ತಿರ ಬಂದು, "ಮುಗೀತಲ್ಲ, ಕೈ ಬಿಡು ಮುದ್ದಕ್ಕ, ನಿನ್ ಕೈ ನೋಡು ಹೆಂಗಾಗೈತೆ" ಎಂದ. ನನ್ನ ಅಂಗೈ ಬೊಬ್ಬೆ ಎದ್ದು ಸುಲಿದಿತ್ತು.

ನಾನು ಅವನ ಮಾತಿಗೆ ಬಿಡಲಿಲ್ಲ. ಬೆರಳ ತುದಿಯಿಂದ ಅವಳ ಅಂಗೈಯನ್ನು ಮೆಲ್ಲಗೆ ಸವರಿ, ಒಂದೊಂದೇ ಬೆರಳನ್ನು ಮುಟ್ಟಿ ಮುಟ್ಟಿ ನೋಡಿದೆ. ಚರ್ಮ ಕೆಂಪಗೆ ಬೆಂದಿತ್ತು. ಕಿಡಿ ಕಾಣುತ್ತಿರಲಿಲ್ಲ, ಆದರೆ ಒಳಗೆ ಬಿಸಿ ಇತ್ತು.

"ಇನ್ನೂ ಐತಾ?" ಎಂದು ಕೇಳಿದೆ.

ಅವಳು ಸುತ್ತ ನಿಂತವರನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ಐತೆ ಅತ್ತೆ" ಎಂದಳು. "ಇನ್ನೂ ಬಾಳ ಐತೆ."

ನಾನು ಕಾಲನ್ನು ಕೆಸರಿನೊಳಗೆ ಇನ್ನಷ್ಟು ಊರಿ, "ಹೇಳು" ಎಂದೆ.